ಸೋಮವಾರದ ಕಪ್ಪು ಗೆರೆ

ಚಾಮರಾಜಪೇಟೆಯ ಶಿವರಂಜಿನಿ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ, ಸಮುದ್ರದ ಮೇಲೆ ಸೋರಿದ ಎಣ್ಣೆ ಹುಡುಕುವುದು. ಬೆಂಗಳೂರಿಗೆ ಯಾವ ಸಮುದ್ರ ಬಂತು ಎಂದು ನಗಬೇಡಿ. ಶೇಷಾದ್ರಿಪುರದ ಕಚೇರಿಯ ಮೂರನೇ ಮಹಡಿಯಲ್ಲಿ, ಉಪಗ್ರಹದ ರೇಡಾರ್ ಕಳಿಸಿದ ಚಿತ್ರಗಳಲ್ಲಿ ಆಕೆಗೆ ದಿನಾ ಸಮುದ್ರ ಸಿಗುತ್ತಿತ್ತು. ಅಲೆಯೆದ್ದ ನೀರು ರೇಡಾರಿಗೆ ಬೆಳ್ಳಗೆ ಕಾಣುತ್ತದೆ. ಎಣ್ಣೆ ಹರಡಿದರೆ ಸಣ್ಣ ಅಲೆಗಳೆಲ್ಲ ತೆಪ್ಪಗಾಗಿ ಅಷ್ಟು ಜಾಗ ಕಪ್ಪಾಗುತ್ತದೆ. ತೊಂದರೆ ಏನೆಂದರೆ, ಗಾಳಿ ಬಿದ್ದುಹೋದ ನೀರೂ ಹಾಗೇ ಕಪ್ಪು!

ಒಮ್ಮೆ ಆಕೆ ಅಂಥ ನೀರನ್ನೇ ಎಣ್ಣೆ ಎಂದುಬಿಟ್ಟಿದ್ದರಿಂದ ಕಾವಲು ಹಡಗೊಂದು ಇಡೀ ದಿನ ಸುಮ್ಮನೆ ಸುತ್ತಿ ಬಂದಿತ್ತು. ಎಲ್ಲರೆದುರು ಬೈಸಿಕೊಂಡಳು. ಅಂದಿನಿಂದ ಮೊದಲು ನೋಡುತ್ತಿದ್ದುದು ಗಾಳಿಯ ವರದಿ. ಗಾಳಿ ಕಡಿಮೆಯಿದ್ದರೆ, ಕಣ್ಣು ಏನೇ ಹೇಳಲಿ, 'ಎಣ್ಣೆಯಲ್ಲ' ಎಂದು ಬರೆದು ಮುಂದಿನ ಚಿತ್ರಕ್ಕೆ ಹೋಗುವಳು. ಹೆದರಿಕೆಯನ್ನೇ ಎಚ್ಚರಿಕೆ ಅಂದುಕೊಂಡಿದ್ದಳು, ಪಾಪ.

ಆ ಸೋಮವಾರ ಕಾರವಾರದಾಚೆಯ ಚಿತ್ರದಲ್ಲಿ ಸಣ್ಣದೊಂದು ಕಪ್ಪು ಗೆರೆಯಿತ್ತು. ಗಾಳಿ ಕಡಿಮೆ. 'ಎಣ್ಣೆಯಲ್ಲ' ಎಂದು ಬರೆದು ಊಟಕ್ಕೆ ಎದ್ದಳು.

ಬುಧವಾರ ಸುದ್ದಿ ಬಂತು. ಭಾನುವಾರ ಕಾರವಾರದಿಂದ ಹೋದ ಮೀನುಗಾರರ ದೋಣಿ ಮರಳಿಲ್ಲ, ಅದರಲ್ಲಿ ಮೂವರಿದ್ದರು. ಶಿವರಂಜಿನಿ ಸೋಮವಾರದ ಚಿತ್ರ ತೆಗೆದು ದೊಡ್ಡದು ಮಾಡಿದಳು. ಗೆರೆಯ ಒಂದು ತುದಿ ಸೂಜಿಯಂತೆ ಚೂಪು, ಇನ್ನೊಂದು ಹರಡಿಕೊಂಡಿದೆ. ಗಾಳಿಯಿಲ್ಲದ ನೀರಿಗೆ ಅಂಥ ಚೂಪು ಎಲ್ಲಿಂದ ಬರಬೇಕು? ಮುಳುಗಿದ ದೋಣಿಯ ಡೀಸೆಲ್ ಒಂದೇ ಜಾಗದಲ್ಲಿ ಮೇಲೆದ್ದು ತೇಲಿಹೋಗಿದೆ. ತಕ್ಷಣ ಕರಾವಳಿ ಕಾವಲು ಪಡೆಗೆ ಜಾಗ ತಿಳಿಸಿದಳು. ಮರುದಿನ ಖಾಲಿ ಕ್ಯಾನು ತಬ್ಬಿ ತೇಲುತ್ತಿದ್ದ ದಾಮೋದರ ಜೀವಂತವಾಗಿ ಸಿಕ್ಕ. ಅವನ ತಮ್ಮನೂ ಇನ್ನೊಬ್ಬನೂ ಸಿಗಲೇ ಇಲ್ಲ.

"ಮೇಡಂ, ಸೋಮವಾರದ್ದು ಎತ್ಬೇಡಿ," ಎಂದ ಮೇಲಧಿಕಾರಿ ನಂದೀಶ್. "ನಿಯಮದ ಪ್ರಕಾರನೇ ಬರ್ದಿದೀರ. ಒಂದು ಜೀವ ಉಳಿಸಿದೀರ, ಸಾಕು ಬಿಡಿ."

ಕಚೇರಿಯವರು ಸಂಪಿಗೆ ರಸ್ತೆಯಿಂದ ಜಹಾಂಗೀರ್ ತರಿಸಿ ಹಂಚಿದರು. ಇಬ್ಬರು ಹೋದ ಮೇಲೆ ಸಿಹಿಯಂತೆ! ಶಿವರಂಜಿನಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹತ್ತು ದಿನದ ಮೇಲೆ ದಾಮೋದರ ನಂಬರ್ ಹುಡುಕಿ ಫೋನ್ ಮಾಡಿದ. "ಅಕ್ಕಾ, ನೀವು ನೋಡದಿದ್ರೆ ನಾನೂ ಇರ್ತಿರಲಿಲ್ಲ. ನೀವು ನಮ್ಮ ಪಾಲಿಗೆ ದೇವರು."

ಸುಮ್ಮನಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆ ಮಾತು ಕೇಳಿಸಿಕೊಂಡು ಸುಮ್ಮನಿರುವುದು ಆಕೆಯಿಂದಾಗಲಿಲ್ಲ.

"ಹಾಗನ್ಬೇಡಪ್ಪ. ನಾನು ಸೋಮವಾರನೇ ನೋಡಿದ್ದೆ. ಎಣ್ಣೆ ಅಲ್ಲ ಅಂತ ಬರ್ದ್ಬಿಟ್ಟೆ. ತಪ್ಪು ನಂದು."

ದಾಮೋದರ ಮೆಲ್ಲಗೆ ಕೇಳಿದ, "ಸೋಮವಾರ ಎಷ್ಟು ಗಂಟೆಗೆ ಅಕ್ಕಾ?"

"ಮಧ್ಯಾಹ್ನ... ಒಂದು ಗಂಟೆಗೆ."

"ಆಗ ತಮ್ಮ ಮಾತಾಡ್ತಾ ಇದ್ದ," ಎಂದ ದಾಮೋದರ. "ಯಾರಾದ್ರೂ ನೋಡೇ ನೋಡ್ತಾರೆ ಅಂತ ನಂಗೇ ಧೈರ್ಯ ಹೇಳ್ತಾ ಇದ್ದ."