ಕೆಂಡಕ್ಕ ತಿನ್ನದ ರೊಟ್ಟಿ

ಬೇಕರಿಯ ಹೆಂಗಸನ್ನು ಬೀದಿಯವರೆಲ್ಲ ಕೆಂಡಕ್ಕ ಅಂತಲೇ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ಜೀವ. ಬ್ರೆಡ್ಡು ಮೆತ್ತಗಿದೆಯೋ ಇಲ್ಲವೋ ಅಂತ ಯಾರಾದರೂ ಹೆಬ್ಬೆರಳಿಂದ ಒತ್ತಿ ನೋಡಿದರೋ, ಮುಗಿಯಿತು. "ಅದೇನು ನಿಮ್ಮ ಮೊಮ್ಮಗನ ಕೆನ್ನೇನಾ? ಕೈ ತೆಗೀರಿ!" ಆದರೂ ಜನ ಅಲ್ಲಿಗೇ ಬರುತ್ತಿದ್ದರು. ಬೈಗುಳದಷ್ಟೇ ಬ್ರೆಡ್ಡೂ ಬಿಸಿಯಾಗಿರುತ್ತಿತ್ತು.

ಅವಳು ಹೋಗುವ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಂಡು ತಿನ್ನುವ ಆಚರಣೆ. ಅದಕ್ಕೆ ರೊಟ್ಟಿ ಸುಟ್ಟುಕೊಡುವವಳು ಇವಳೇ. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬಂದಾಗ, ಯಾರ ಮೇಲಾದರೂ ದ್ವೇಷ ಇಟ್ಟುಕೊಂಡವರು ಮುಟ್ಟದೆ ಪಕ್ಕದವರಿಗೆ ದಾಟಿಸಬೇಕು. ಅದು ಅಲ್ಲಿಯ ಕಟ್ಟಳೆ. ಉಳಿದವರೆಲ್ಲ ಆ ಹೊತ್ತಿಗೆ ಹೇಗೋ ಒಳಗೊಳಗೇ ರಾಜಿ ಮಾಡಿಕೊಂಡು ನುಂಗಿಬಿಡುತ್ತಿದ್ದರು. ಕೆಂಡಕ್ಕ ಮಾತ್ರ ತಾನೇ ನಾದಿ ಸುಟ್ಟದ್ದನ್ನು ತಲೆಯೆತ್ತಿಯೂ ನೋಡದೆ ದಾಟಿಸುತ್ತಿದ್ದಳು. ಅಮ್ಮ ಸತ್ತಾಗಿನಿಂದ ಹೀಗೇ. ದೇವರ ಮುಂದೆ ನಾಟಕವಾಡಲು ಅವಳಿಗೆ ಬರುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಅವಳನ್ನು ಮೆಚ್ಚಬೇಕು.

ದ್ವೇಷ ಒಡಹುಟ್ಟಿದ ತಂಗಿಯ ಮೇಲೆ. ಅಮ್ಮನಿಗೆ ವಿಪರೀತ ಹೊಟ್ಟೆನೋವು ಬಂದು, ಕೂಡಲೇ ಆಪರೇಷನ್ ಆಗಬೇಕು ಅಂದಿದ್ದರು ಡಾಕ್ಟರು. ತಂಗಿ ಮಂಚದ ಪಕ್ಕ ಮೊಣಕಾಲೂರಿ, "ಅಮ್ಮಾ, ದೇವರನ್ನ ನಂಬಿದೋರಿಗೆ ಚಾಕು ಯಾಕೆ?" ಅಂದಳು. ಅಮ್ಮನಿಗೆ ಕಿರಿಯವಳು ಹೇಳಿದ್ದೇ ಸರಿ. ಹಿರಿಯವಳು ಬೇಡಿದಳು, ಬೈದಳು, ಕಾಲು ಹಿಡಿದಳು. ಕೇಳುವವರಾರು? ಇತ್ತ ಪ್ರಾರ್ಥನೆ ನಡೆಯುತ್ತಲೇ ಇತ್ತು, ಅತ್ತ ಅಮ್ಮ ಹೋಗಿಬಿಟ್ಟಳು. ಸಮಾಧಿಯ ಹತ್ತಿರ ತಂಗಿ "ಎಲ್ಲಾ ದೇವರ ಚಿತ್ತ" ಅಂದಾಗ ಕೆಂಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಹಟಕ್ಕೆ ದೇವರ ಹೆಸರು ಇಡ್ಬೇಡ. ಇವತ್ತಿಂದ ನನ್ನ ಪಾಲಿಗೆ ನೀನಿಲ್ಲ" ಅಂದು ಹೊರಟವಳು ಆಮೇಲೆ ಆ ಮನೆಯ ದಿಕ್ಕಿಗೆ ತಲೆ ಹಾಕಿಯೂ ಮಲಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳು ಮರುದಿನದ ಕರ್ತನ ಭೋಜನದ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ತಂಗಿಯ ಗಂಡ ಬಂದು ಬಾಗಿಲಲ್ಲಿ ನಿಂತ. ಬಸ್ ಓಡಿಸುವವನು; ಖಾಕಿ ಅಂಗಿಯಲ್ಲೇ ಬಂದಿದ್ದ.

"ಅಕ್ಕ, ಅವಳ ಎದೇಲಿ ಗಂಟು. ಈಗ್ಲೇ ತೆಗೆಸಿದ್ರೆ ಉಳೀತಾಳಂತೆ. ಇವತ್ತು ಸಂಜೆಯೊಳಗೆ ಬಂದು ಸೇರ್ಕೊಳ್ಳಿ ಅಂದಿದಾರೆ ಆಸ್ಪತ್ರೆಯೋರು. ಇವಳು ನೋಡಿದ್ರೆ, ದೇವರೇ ವಾಸಿ ಮಾಡ್ತಾನೆ ಅಂತ ಕೂತುಬಿಟ್ಟಿದಾಳೆ. ನನ್ನ ಮಾತು ಕಿವಿಗೇ ಹಾಕ್ಕೊಳ್ತಿಲ್ಲ. ನೀವೊಂದು ಸಲ ಬಂದು..."

"ಅವಳಿಗೂ ಅವಳ ದೇವರಿಗೂ ಮಧ್ಯ ನಾನ್ಯಾಕಪ್ಪ ಬರ್ಲಿ? ಹೋಗು, ವ್ಯಾಪಾರದ ಹೊತ್ತು."

ಅವನು ತಲೆ ತಗ್ಗಿಸಿಕೊಂಡು ಹೋದ. ಕೆಂಡಕ್ಕ ಹಿಟ್ಟನ್ನು ಎತ್ತಿ ಎತ್ತಿ ಮೇಜಿಗೆ ಬಡಿದಳು. ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ? ಅನುಭವಿಸಲಿ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಆ ಖುಷಿಯೇ ಅವಳನ್ನು ಚುಚ್ಚತೊಡಗಿತು. ಮೊದಲು ಹೋಗಿ ರಾಜಿಯಾಗು, ಕಾಣಿಕೆ ಆಮೇಲೆ ತಾ ಅನ್ನುವ ಯೇಸುವಿನ ಅಪ್ಪಣೆ ಅವಳಿಗೇನು ಹೊಸದೇ? ಇಷ್ಟು ವರ್ಷ ತಟ್ಟೆ ದಾಟಿಸಿದ್ದೇ ದೊಡ್ಡ ವಿಧೇಯತೆ ಅಂತ ಬೀಗುತ್ತಿದ್ದಳು. ಹೋಗು ಅಂದದ್ದನ್ನು ಮಾತ್ರ ಕೇಳಿಯೂ ಕೇಳದವಳಂತೆ ಇದ್ದುಬಿಟ್ಟಿದ್ದಳು.

"ನಿನಗೆ ಬೇರೆ ಯಾರೂ ಸಿಗ್ಲಿಲ್ವಾ?" ಅಂತ ದೇವರನ್ನೇ ಗದರಿದಳು. "ಅಮ್ಮನ್ನ ಉಳಿಸು ಅಂತ ಬಡ್ಕೊಂಡೆ, ಉಳಿಸ್ಲಿಲ್ಲ. ಈಗ ಅವಳನ್ನ ಉಳಿಸೋಕೆ ನಾನು ಬೇಕಾ? ನಂಗೆ ಮನಸ್ಸಿಲ್ಲ, ಕೇಳಿಸ್ತಾ? ಒಂದು ಚೂರೂ ಇಲ್ಲ!"

ಹೇಳಬೇಕಾದ್ದನ್ನು ದೇವರು ಎಂದೋ ಹೇಳಿಯಾಗಿತ್ತು. ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಭಟ್ಟಿ ಆರಿಸಿ, ಶಟರನ್ನು ಬೀದಿಯೆಲ್ಲ ತಿರುಗಿ ನೋಡುವ ಹಾಗೆ ಧಡಾರನೆ ಎಳೆದು ಹೊರಟಳು. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಇದ್ದಳು.

ತಂಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ಬೈಬಲ್. ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಪ್ರೀತಿ ಉಕ್ಕಿ ಬಂದಿಲ್ಲ ನಾನು," ಕೆಂಡಕ್ಕ ಬಾಗಿಲಲ್ಲೇ ಅಂದಳು. "ದೇವರು ಹೋಗು ಅಂದ, ಬಂದೆ. ಎದ್ದೇಳು, ಆಸ್ಪತ್ರೆಗೆ."

"ನಾನು ದೇವರನ್ನ ನಂಬಿದೀನಿ ಅಕ್ಕ."

"ನಂಬಿಕೆಯಂತೆ ನಂಬಿಕೆ! ನಂಬಿದೋಳು ಹೀಗೆ ಹೆದರಿ ಅರ್ಧ ಆಗ್ತಾಳಾ?"

ತಂಗಿ ಬೈಬಲ್ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ನಂಬಿಕೆ ಅವತ್ತೇ ಹೋಯ್ತು, ಅಮ್ಮನ ಜೊತೆ. ಈಗ ನಾನು ಆಪರೇಷನ್ ಮಾಡಿಸ್ಕೊಂಡು ಬದುಕಿಬಿಟ್ರೆ, ಅಮ್ಮನೂ ಬದುಕ್ತಿದ್ಳು ಅಂತಾಗುತ್ತಲ್ಲ ಅಕ್ಕ. ನಾನೇ ಕೊಂದೆ ಅಂತಾಗುತ್ತಲ್ಲ."

ಈ ಒಂದು ಮಾತನ್ನು ತಂಗಿಯ ಬಾಯಿಂದ ಕೇಳಲೆಂದೇ ಕೆಂಡಕ್ಕ ಇಷ್ಟು ವರ್ಷ ಕಾದಿದ್ದಳು. ಕೇಳಿದ್ದೇ ತಡ, ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದ ಬೈಗುಳಗಳೆಲ್ಲ ಎಲ್ಲಿ ಹೋದವೋ. ಅಯ್ಯೋ ಹಾಗೇನಿಲ್ಲ ಅಂತ ಸುಳ್ಳು ಹೇಳಿ ಸಮಾಧಾನ ಮಾಡುವುದೂ ಅವಳಿಂದ ಆಗಲಿಲ್ಲ.

"ಹೌದು, ಆಗುತ್ತೆ" ಅಂದಳು. ಬಾಗಿಲ ಬಳಿಯಿಂದ ತಂಗಿಯ ಚಪ್ಪಲಿಗಳನ್ನು ಎತ್ತಿ ತಂದು, ನೆಲಕ್ಕೆ ಕೂತು, ಅವಳ ಕಾಲಿನ ಮುಂದೆ ಇಟ್ಟಳು. "ಅದನ್ನ ಹೊತ್ಕೊಂಡೇ ಬದುಕು. ನಾನಿದೀನಿ. ಹಾಕ್ಕೊ, ಹೊತ್ತಾಯ್ತು."