ಬಲಗಡೆಯ ಸೀಟಿ

ಫ್ಯಾನಣ್ಣ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಸ್ವಂತ ಹೆಸರು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಕೆಟ್ಟ ಫ್ಯಾನು, ಸುಟ್ಟ ಮಿಕ್ಸಿ, ಹಟ ಹಿಡಿದ ಪಂಪ್ ಮೋಟರು ಎಲ್ಲವೂ ಅವನ ಗೂಡಿನಂಥ ಅಂಗಡಿಗೇ ಬರಬೇಕು. ಬಿಚ್ಚುವ ಮೊದಲು ಅವನದೊಂದು ಪರೀಕ್ಷೆ ಇತ್ತು. ಮೋಟರು ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. ತಂದವರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಮೇಲೆ ಕಣ್ಣು ತೆರೆದು, "ಹಿಂದಿನ ಬೇರಿಂಗ್ ಹೋಗಿದೆ" ಅನ್ನುತ್ತಿದ್ದ. ಬೀದಿಯ ಯಂತ್ರಗಳ ಎದೆಯೆಲ್ಲ ಬಲ್ಲ ಈ ಮಹಾನುಭಾವನಿಗೆ ತನ್ನ ಎದೆಯೊಳಗಿನ ಸೀಟಿ ಮಾತ್ರ ಕೇಳಿಸುತ್ತಿರಲಿಲ್ಲ.

ಅದನ್ನು ಕೇಳಿಸಿಕೊಂಡವಳು ಅವನ ಹೆಂಡತಿ. ಅವರ ಮಂಚದ ಒಂದು ಬದಿಗೆ ಕಿಟಕಿ, ಇನ್ನೊಂದು ಬದಿಗೆ ಬಾಗಿಲು. ಕಿಟಕಿಯ ಕಡೆ ಅವಳ ಜಾಗ. ಮದುವೆಯಾದ ಹೊಸದರಲ್ಲೇ ಪಟ್ಟು ಹಿಡಿದು ಗಳಿಸಿಕೊಂಡದ್ದು. ಅವನ ಬಲಭುಜದ ಮೇಲೆ ತಲೆಯಿಟ್ಟರೆ ಗಾಳಿಯೂ ಬೆಳಕೂ ಅವಳ ಪಾಲಿಗೆ.

"ರೀ, ನಿಮ್ಮ ಎದೇಲಿ ಯಾರೋ ಸೀಟಿ ಊದ್ತಿದ್ದಾರೆ" ಎಂದಳು ಒಂದು ದಿನ.

"ಊದಲಿ ಬಿಡು, ಪುಕ್ಕಟೆ ಸಂಗೀತ."

"ತಮಾಷೆ ಅಲ್ಲ. ಬಲಗಡೆ ಮಾತ್ರ ಕೇಳ್ಸುತ್ತೆ. ಎಡಗಡೆ ತಣ್ಣಗಿದೆ."

"ಎದೆ ಅಂದ್ಮೇಲೆ ಒಂದೇ ಕಣೇ. ಅದರಲ್ಲಿ ಎಡ ಬಲ ಎಲ್ಲಿಂದ ಬಂತು? ಕಿವಿ ವಿಷಯ ನನಗೆ ಬಿಡು, ಅದು ನನ್ನ ಕಸುಬು."

ಅವಳು ಸುಮ್ಮನಿರುವ ಪೈಕಿ ಅಲ್ಲ. ಬೀದಿಯ ಕೊನೆಯ ಡಾಕ್ಟರ ಬಳಿ ದರದರ ಎಳೆದುಕೊಂಡು ಹೋದಳು. ಅವರು ಅಂಗಿಯ ಮೇಲಿಂದಲೇ ಕೊಳವೆ ಇಟ್ಟು, ಉಬ್ಬಸ ಎಂದು ಹೇಳಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಪಂಪಿನಿಂದ ಅವನ ಜೇಬು ಉಬ್ಬಿತೇ ಹೊರತು ಸೀಟಿ ನಿಲ್ಲಲಿಲ್ಲ. ಕೊನೆಗೆ ಅವಳು ದಿಂಬು ಎತ್ತಿಕೊಂಡು ಬಾಗಿಲ ಕಡೆಗೆ ಬಂದಳು, ಅವನನ್ನು ಕಿಟಕಿಯ ಕಡೆಗೆ ತಳ್ಳಿದಳು. "ನಿಮ್ಮ ಸೀಟಿ ಆ ಕಿಟಕಿಗೇ ಕೇಳಲಿ. ನಾನು ಎಡಗಡೆ ನೆಮ್ಮದಿಯಾಗಿ ಮಲಗ್ತೀನಿ. ಅದು ನಿಂತ ದಿನ ಹೇಳಿ, ನನ್ನ ಜಾಗ ನನಗೆ ವಾಪಸ್ ಬೇಕು."

ಆ ದಿನ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಬಿಡದ ಜ್ವರ, ಆಸ್ಪತ್ರೆ, ಒಂದು ವಾರದೊಳಗೆ ಎಲ್ಲ ಮುಗಿಯಿತು. ಮಕ್ಕಳಿರಲಿಲ್ಲ. ಅದಾಗಿ ಆರು ವರ್ಷ ಕಳೆದರೂ ಫ್ಯಾನಣ್ಣ ಕಿಟಕಿಯ ಕಡೆಯೇ ಮಲಗುತ್ತಿದ್ದ. ಬಾಗಿಲ ಕಡೆಯ ದಿಂಬಿನ ಕವರು ಒಗೆದು ಮತ್ತೆ ಹಾಕುತ್ತಿದ್ದ. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ಸದಾ ಮೇಲುಮುಖ. ಉಳಿದವೆಲ್ಲ ಕವುಚಿಕೊಂಡೇ ಇದ್ದವು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫ್ಯಾನುಗಳ ಜೊತೆ ಮಾತಾಡುತ್ತಿದ್ದ. ಮನೆಯಲ್ಲಿ ಅದೂ ಇಲ್ಲ.

ಒಂದು ಬೆಳಿಗ್ಗೆ ತಾಮ್ರದ ತಂತಿ ಸುತ್ತುತ್ತಿದ್ದವನು ಕೆಮ್ಮಿದ. ಅಂಗೈ ನೋಡಿಕೊಂಡರೆ ರಕ್ತ. ಪಕ್ಕದಂಗಡಿಯಲ್ಲಿ ಬೀಗದ ಕೈ ಮಾಡುವವನೊಬ್ಬನಿದ್ದ. ಇಬ್ಬರ ನಡುವೆ ಇಷ್ಟು ವರ್ಷ ನಡೆದ ಮಾತೆಂದರೆ, "ಚಿಲ್ರೆ ಇದ್ಯಾ?" ಅಷ್ಟೇ. ಅವನು ರಕ್ತ ಕಂಡದ್ದೇ ಎರಡೂ ಅಂಗಡಿಯ ಬಾಗಿಲು ಎಳೆದು, ಸ್ಕೂಟರ್ ಹಿಂದೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಯಲ್ಲಿ ಇಳಿಸಿ ಹೋದ.

ದೊಡ್ಡಾಸ್ಪತ್ರೆಯಲ್ಲಿ ಕಾಯಿಲೆಗಿಂತ ಮುಂಚೆ ಕೇಳುವ ಪ್ರಶ್ನೆ ಬೇರೆ. "ಜೊತೆಗೆ ಯಾರಿದ್ದಾರೆ?" ಎಂದು ಚೀಟಿ ಬರೆಯುವವಳು ಕೇಳಿದಳು. ಎಕ್ಸ್‌ರೇ ತೆಗೆಯುವವನು ಕೇಳಿದ, ನರ್ಸಮ್ಮ ಕೇಳಿದಳು. ಎಲ್ಲರಿಗೂ ಅವನದು ಒಂದೇ ಉತ್ತರ, "ಹೊರಗಿದ್ದಾರೆ." ಸುಳ್ಳೇನಲ್ಲ. ಹೊರಗೆ ಜನ ಬೇಕಾದಷ್ಟಿದ್ದರು, ಅವನವರು ಇರಲಿಲ್ಲ ಅಷ್ಟೇ.

ಬಲ ಶ್ವಾಸಕೋಶದ ದೊಡ್ಡ ಉಸಿರುನಾಳದೊಳಗೆ ಒಂದು ಗಡ್ಡೆ ಕೂತಿತ್ತು. ಅಲ್ಲಿನ ಡಾಕ್ಟರಮ್ಮ ಗಂಟಲಿನಿಂದ ಕ್ಯಾಮೆರಾ ಕೊಳವೆ ಇಳಿಸಿ, ಪುಟ್ಟ ಇಕ್ಕಳದಲ್ಲಿ ಅದರ ಚೂರು ಚಿವುಟಿ ತೆಗೆದರು. ಚಿವುಟಿದ್ದೇ ತಡ, ರಕ್ತ ಬುಳಬುಳನೆ ಬಂದು ಅವರು ಕೊಳವೆ ಹೊರಗೆಳೆಯಬೇಕಾಯಿತು. ಸಿಕ್ಕ ಚೂರು ಸಾಸಿವೆಗಿಂತ ಚಿಕ್ಕದು. ಅದರ ಮೇಲೆ ರಿಪೋರ್ಟು ಬಂತು. ಸಣ್ಣ ಜೀವಕೋಶಗಳ ಕ್ಯಾನ್ಸರ್, ಬಹಳ ವೇಗದ್ದು, ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಔಷಧಿ ಏರಿಸಿ ತಿಂಗಳುಗಳನ್ನು ಒಂದಿಷ್ಟು ಹಿಗ್ಗಿಸಬಹುದು.

ಫ್ಯಾನಣ್ಣ ತಲೆಯಾಡಿಸಿ ಎದ್ದು ಬಂದ. ಅಳಲಿಲ್ಲ. ಅಂಗಡಿಯಲ್ಲಿದ್ದ ಫ್ಯಾನುಗಳನ್ನೆಲ್ಲ ಬೇಗಬೇಗ ರಿಪೇರಿ ಮಾಡಿ ಅವರವರ ಮನೆಗೆ ಮುಟ್ಟಿಸತೊಡಗಿದ. ಹೊಸದನ್ನು ತೆಗೆದುಕೊಳ್ಳಲಿಲ್ಲ. ಕಾಯುವವರಿಲ್ಲದ ಮನೆಗೆ ತಿಂಗಳು ಹಿಗ್ಗಿದರೇನು, ಕುಗ್ಗಿದರೇನು?

ಆದರೆ ಡಾಕ್ಟರಮ್ಮನಿಗೆ ಆ ರಿಪೋರ್ಟು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ತಾವೇ ಫೋನ್ ಮಾಡಿ ಕರೆಸಿಕೊಂಡರು.

"ಬೀಡಿ, ಸಿಗರೇಟು?"

"ಮುಟ್ಟಿದವನಲ್ಲ."

"ಸೇದದವರಿಗೆ ಈ ಕಾಯಿಲೆ ಬರೋದೇ ಅಪರೂಪ" ಎನ್ನುತ್ತ ಅಂಗಿ ಬಿಚ್ಚಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಅವರ ಮುಚ್ಚಿದ ಕಣ್ಣು ಅವನಿಗೆ ತೀರಾ ಪರಿಚಿತವಾಗಿ ಕಂಡಿತು.

"ಸೀಟಿ ಬಲಗಡೆ ಮಾತ್ರ ಇದೆ. ಉಬ್ಬಸ ಆಗಿದ್ರೆ ಎರಡೂ ಕಡೆ ಇರಬೇಕಿತ್ತು. ಇದು ಯಾವಾಗಿಂದ ಇದೆ ಅಂತ ಗೊತ್ತಾ? ಮನೇಲಿ ಯಾರಾದ್ರೂ ಕೇಳಿಸ್ಕೊಂಡಿದ್ರಾ?"

ಫ್ಯಾನಣ್ಣ ಮಂಚ, ಕಿಟಕಿ, ದಿಂಬು ಎಲ್ಲ ಹೇಳಿದ. ಆರು ವರ್ಷದಲ್ಲಿ ಅವಳ ವಿಷಯ ಇಷ್ಟು ಮಾತಾಡಿದ್ದು ಅದೇ ಮೊದಲು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅವರು ತೀರ್ಕೊಂಡು ಆರು ವರ್ಷ. ಸೀಟಿ ಅದಕ್ಕೂ ಮುಂಚಿನದು. ರಿಪೋರ್ಟಲ್ಲಿರೋ ಕಾಯಿಲೆ ಯಾರನ್ನೂ ಅಷ್ಟು ವರ್ಷ ಬದುಕೋಕೆ ಬಿಡಲ್ಲ. ನಿಮ್ಮ ಮನೆಯವರು ಕೇಳಿದ್ದು ನಿಜ ಆದ್ರೆ ಈ ರಿಪೋರ್ಟು ತಪ್ಪು. ರಿಪೋರ್ಟು ಸರಿ ಆದ್ರೆ ಅವರು ಕೇಳಿದ್ದು ಸುಳ್ಳು."

"ಅವಳು ಸುಳ್ಳು ಹೇಳೋಳಲ್ಲ" ಎಂದ ಫ್ಯಾನಣ್ಣ.

ರಿಪೋರ್ಟು ಬರೆದವರ ಕೋಣೆಗೇ ಅವನನ್ನು ಕರೆದುಕೊಂಡು ಹೋದರು. ಆ ಡಾಕ್ಟರು ಚೂರು ಅಂಟಿಸಿದ ಗಾಜಿನ ಪಟ್ಟಿಯನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಆಮೇಲೆ ಸರಿದು, ನೀವೂ ನೋಡಿ ಎಂದರು. ನೀಲಿ ಶಾಯಿಯನ್ನು ಹೆಬ್ಬೆರಳಲ್ಲಿ ಎಳೆದ ಹಾಗೆ ಬರೀ ಗೀಚುಗೀಚು.

"ಚೂರು ಕೀಳುವಾಗ ಇಕ್ಕಳ ಹಿಸುಕಿಬಿಟ್ಟಿದೆ" ಎಂದರು ಅವರು. "ಹೀಗೆ ಹಿಸುಕಿದ್ರೆ ಸಾಧು ಗಡ್ಡೇನೂ ಪುಂಡ ಗಡ್ಡೆ ಥರಾನೇ ಕಾಣುತ್ತೆ. ನಾವು ಮೋಸ ಹೋಗೋ ಜಾಗ ಇದು. ಹಳೇ ಸೀಟಿ ಕಥೆ ನನಗ್ಯಾರೂ ಹೇಳಿರಲಿಲ್ಲ. ಹಿಸುಕದ ಚೂರು ಒಂದು ಬೇಕು."

ಹಾಗೆಂದರೆ ಮತ್ತೆ ಆ ಗಡ್ಡೆಗೇ ಕೈ ಹಾಕಬೇಕು. ಮತ್ತೆ ರಕ್ತ ಚಿಮ್ಮಬಹುದು, ಈ ಸಲ ನಿಲ್ಲದೆಯೂ ಇರಬಹುದು. ಅರಿವಳಿಕೆ ಕೊಟ್ಟು ಆಪರೇಷನ್ ಕೋಣೆಯಲ್ಲೇ ಮಾಡಬೇಕು, ಜೊತೆಗೆ ಒಬ್ಬರು ಬಂದು ಸಹಿ ಹಾಕಲೇಬೇಕು.

ಮನೆಗೆ ಬಂದು ಕಿಟಕಿಯ ಪಕ್ಕ ಕೂತ. ಬದುಕುವ ಆಸೆ ಎಂದು ಹೇಳಿದರೆ ಸುಳ್ಳಾದೀತು, ಅಂಥ ಆಸೆ ಅವನಲ್ಲಿ ಮುದುಡಿ ಎಷ್ಟೋ ಕಾಲವಾಗಿತ್ತು. ಕೊರೆಯುತ್ತಿದ್ದದ್ದು ಬೇರೆ. ಅವಳ ಕಿವಿಯನ್ನು ಅವನು ಒಮ್ಮೆ ನಕ್ಕು ತಳ್ಳಿಹಾಕಿದ್ದ. ಈಗ ಸುಮ್ಮನೆ ಸತ್ತರೆ ಆ ಹಿಸುಕಿದ ಚೂರಿನ ಮಾತೇ ಉಳಿಯುತ್ತದೆ, ಅವಳ ಮಾತು ಬಿದ್ದುಹೋಗುತ್ತದೆ. ಅದು ಅವನಿಂದ ಆಗಲಿಲ್ಲ. ಮರುದಿನ ಬೀಗದ ಕೈಯವನ ಮುಂದೆ ಹೋಗಿ ನಿಂತ.

"ಒಂದು ಸಹಿ ಬೇಕಿತ್ತು."

"ನಡಿ" ಎಂದ ಅವನು, ಯಾತಕ್ಕೆ ಎಂದೂ ಕೇಳದೆ.

ಆಸ್ಪತ್ರೆಯಲ್ಲಿ ನರ್ಸಮ್ಮ, "ನೀವು ಇವರಿಗೆ ಏನಾಗಬೇಕು?" ಎಂದಳು. ಬೀಗದ ಕೈಯವನು ತಲೆ ಕೆರೆದುಕೊಂಡು, "ಪಕ್ಕದಂಗಡಿ ಆಗಬೇಕು" ಎಂದ. ನರ್ಸಮ್ಮ ಹಾಗೆಯೇ ಬರೆದುಕೊಂಡಳು.

ಈ ಸಲವೂ ರಕ್ತ ಬಂತು, ಆದರೆ ನಿಲ್ಲಿಸಲು ಸಿದ್ಧರಾಗಿದ್ದವರು ನಿಲ್ಲಿಸಿದರು. ಚೂರು ಇಡಿಯಾಗಿ ಸಿಕ್ಕಿತು. ರಿಪೋರ್ಟು ಬಂದ ದಿನ ಡಾಕ್ಟರಮ್ಮ ಕುರ್ಚಿಯಿಂದ ಎದ್ದೇ ನಿಂತಿದ್ದರು.

"ಕಾರ್ಸಿನಾಯ್ಡ್. ಅಪರೂಪದ್ದು. ಇದೂ ಕ್ಯಾನ್ಸರ್ ಜಾತೀನೇ, ಆದ್ರೆ ತುಂಬ ನಿಧಾನ. ಒಂದೇ ನಾಳ ಅಡ್ಡಗಟ್ಟಿ ಕೂತಿದೆ, ಅದಕ್ಕೇ ಒಂದೇ ಕಡೆ ಸೀಟಿ. ಅಷ್ಟು ಭಾಗ ತೆಗೆದುಬಿಟ್ರೆ ನೀವು ಬದುಕ್ತೀರಿ. ಆಗಾಗ ಬಂದು ತೋರಿಸ್ತಿರಬೇಕು ಅಷ್ಟೇ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು, "ಮೊದಲು ಕಂಡುಹಿಡಿದೋರು ನಿಮ್ಮ ಮನೆಯವರು."

ಆಗ ಅತ್ತ ಫ್ಯಾನಣ್ಣ. ಬದುಕಿದೆನೆಂದಲ್ಲ. ಅವಳು ಗೆದ್ದಿದ್ದಳು. ನಾನು ಸೋತೆ ಮಾರಾಯ್ತಿ ಎಂದು ಒಪ್ಪಿಕೊಳ್ಳೋಣವೆಂದರೆ ಎದುರಿಗೆ ಅವಳೇ ಇರಲಿಲ್ಲ.

ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಬೀಗದ ಕೈಯವನು ಗಂಜಿಯ ಡಬ್ಬಿ ಇಟ್ಟು, "ಸಂಜೆ ಬರ್ತೀನಿ" ಎಂದು ಹೋದ. ಫ್ಯಾನಣ್ಣ ಮಂಚದ ಮೇಲೆ ಕೂತು ಸ್ಕ್ರೂಡ್ರೈವರ್ ತೆಗೆದ. ಚುಚ್ಚದಂತೆ ತುದಿಯನ್ನು ಬೆರಳ ಸಂದಿಯಲ್ಲಿ ಮರೆಮಾಡಿಕೊಂಡು ಬಲಗಡೆಯ ಎದೆಗೆ ಆನಿಸಿ, ಕತ್ತು ಬಗ್ಗಿಸಿ ಹಿಡಿಗೆ ಕಿವಿಕೊಟ್ಟ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಗಾಳಿ ಹೋಗಿ ಬರುತ್ತಿತ್ತು. ಬೇರೆ ಏನೂ ಇಲ್ಲ. ಅವಳು ದಿನವೂ ಬೈದುಕೊಂಡು ಕೇಳಿದ್ದ, ಅವನು ಒಮ್ಮೆಯೂ ಕೇಳಿಸಿಕೊಳ್ಳದ ಆ ಸದ್ದು ಇನ್ನು ಯಾರಿಗೂ ಕೇಳಿಸುವುದಿಲ್ಲ. ಮನೆ ಅಷ್ಟು ಖಾಲಿಯಾಗಿ ಅವನಿಗೆ ಎಂದೂ ಕಂಡಿರಲಿಲ್ಲ.

ನಿಧಾನವಾಗಿ ಎದ್ದು, ತನ್ನ ದಿಂಬನ್ನು ಕಿಟಕಿಯ ಕಡೆಯಿಂದ ತೆಗೆದು ಬಾಗಿಲ ಕಡೆಗೆ ಹಾಕಿದ. ಅವಳ ದಿಂಬನ್ನು ಕಿಟಕಿಯ ಕಡೆಗಿಟ್ಟು, ಕಿಟಕಿ ತೆರೆದ.

"ನಿಂತಿದೆ ಕಣೇ" ಎಂದ. ಆಮೇಲೆ ಬಲಭುಜದ ಪಕ್ಕ ಅಷ್ಟು ಜಾಗ ಬಿಟ್ಟು ಮಲಗಿಕೊಂಡ.