ಸೆರಗಿಲ್ಲದ ಕಥೆ

ಧೀರ ಹುಡುಗಿಯರ ಕಥೆಪುಸ್ತಕ ಕೈಗೆ ಸಿಕ್ಕರೆ ನನಗೆ ಊಟವೂ ಬೇಡ, ನಿದ್ದೆಯೂ ಬೇಡ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ; ನಾನು ಮಾತ್ರ ಶುದ್ಧ ಪುಕ್ಕಲಿ. ಏಳನೇ ಇಯತ್ತೆ ಮುಗಿದಿತ್ತು. ಹೈಸ್ಕೂಲಿಗೆ ನಮ್ಮೂರಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕು. ಒಲ್ಲೆನೆಂದು ಹಟ ಹಿಡಿದೆ. ಅಪ್ಪನೂ “ಒಲ್ಲೆಂದ್ರ ಬಿಡು, ಸಾಲಿ ಸಾಕು” ಎಂದುಬಿಟ್ಟ.

ನಮ್ಮ ದೊಡ್ಡವ್ವ ಸೀರೆ ನೇಯುತ್ತಿದ್ದಳು. ಅವಳಿಗೆ ಓದು ಬಾರದು. ಮಗ್ಗದ ಪಕ್ಕ ಕೂತು ನಾನು ಓದಿ ಹೇಳಬೇಕು. ಆ ಬೇಸಿಗೆಯ ಪುಸ್ತಕದಲ್ಲಿ ಹನ್ನೆರಡರ ಹುಡುಗಿಯೊಬ್ಬಳು ತಾಯಿಗೆ ಔಷಧಿ ತರಲು ತುಂಬಿದ ಹೊಳೆಗೆ ಒಬ್ಬಳೇ ದೋಣಿ ಹಾಕಿದ್ದಳು. ನಟ್ಟನಡುವೆ ಹುಟ್ಟು ಕೈಜಾರಿತು. ಮುಂದಿನ ಹಾಳೆಗಳೇ ಇರಲಿಲ್ಲ. ಲಾಳಿ ನಿಂತಿತು.

“ಮುಂದ?”

“ಹಾಳಿ ಹರದಾವ, ದೊಡ್ಡವ್ವ.”

“ಸೆರಗಿಲ್ಲದ ಸೀರಿ ಯಾರ ಉಡ್ತಾರ? ನೀನ ಹಚ್ಚು.”

ನಮ್ಮ ಸೀರೆಯ ಸೆರಗಿಗೆ ಹಾಸಿನ ಉದ್ದೆಳೆಗಳೇ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ನಾನೂ ಜೋಡಿಸಿದೆ: ಅಪ್ಪ ಓಡಿಬಂದು, ಹೊಳೆಗೆ ಹಾರಿ, ಮಗಳನ್ನು ಹೊತ್ತು ತಂದ.

“ಇಷ್ಟು ದೂರ ತಾನ ಬಂದಾಕಿ ಈಗ್ಯಾಕ ಅಪ್ಪನ ದಾರಿ ನೋಡ್ತಾಳ? ಆಕಿಗಿ ಕೈ ಇಲ್ಲೇನು? ಬಿಚ್ಚು, ಮತ್ತ ಹಚ್ಚು.”

ಬಸ್ಸಿನ ಮಾತನ್ನು ಅವಳು ಎತ್ತಲೇ ಇಲ್ಲ. ಆದರೂ ಆ ಮಾತು ನನಗೇ ಅಂದಂತಿತ್ತು. ಎರಡನೇ ಸಲ ಹುಡುಗಿ ಬರಿಗೈಯಿಂದಲೇ ನೀರು ತಳ್ಳಿ ದಡ ಸೇರಿದಳು. ದೊಡ್ಡವ್ವ ತಲೆಯಾಡಿಸಿ ಮತ್ತೆ ಲಾಳಿ ಎಸೆದಳು. ಜೂನ್‌ನಲ್ಲಿ ನಾನು ಬಸ್ಸು ಹತ್ತಿದೆ. ಇಳಕಲ್ ಬರುವ ತನಕ ಕಂಬಿ ಬಿಡಲಿಲ್ಲ, ಅದು ಬೇರೆ ಮಾತು.

ಈಗ ನವನಗರದಲ್ಲಿ ಟೀಚರ್ ಆಗಿದ್ದೇನೆ. ಹೋದ ತಿಂಗಳು ಗ್ರಂಥಾಲಯದ ಹಳೆಯ ಕಪಾಟಿನಲ್ಲಿ ಅದೇ ಪುಸ್ತಕ ಸಿಕ್ಕಿತು, ಹಾಳೆಗಳೆಲ್ಲ ಇದ್ದವು. ನಿಂತಲ್ಲೇ ಓದಿದೆ. ಕೊನೆಗೆ ಅಪ್ಪನೇ ಬಂದು ಹೊತ್ತೊಯ್ಯುತ್ತಾನೆ! ಇನ್ನು ಮನೆ ಬಿಟ್ಟು ಹೋಗಬೇಡ ಎಂಬ ಬುದ್ಧಿಮಾತು ಬೇರೆ. ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು. ಅಂದು ಆ ಹಾಳೆಗಳು ಇದ್ದಿದ್ದರೆ ನಾನು ಬಸ್ಸು ಹತ್ತುತ್ತಲೇ ಇರಲಿಲ್ಲ. ಅಕ್ಷರ ಬಾರದ ಒಬ್ಬ ಹೆಂಗಸಿಗೆ ಅಂಥ ಕೊನೆ ಒಗ್ಗದೆಂದು ಹೇಗೆ ಗೊತ್ತಾಯಿತೋ, ಇವತ್ತಿಗೂ ನನಗೆ ಬೆರಗು.

ರವಿವಾರ ಊರಿಗೆ ಹೋಗಿ ದೊಡ್ಡವ್ವನಿಗೆ ಓದಿ ಹೇಳಿದೆ. ಅವಳ ಕಣ್ಣು ಮಂಜಾಗಿವೆ, ಕಿವಿ ಮಾತ್ರ ಚುರುಕು. ಕೊನೆಯ ಸಾಲಿನವರೆಗೂ ಕೇಳಿದಳು.

“ಬರದಾಂವ ಕೈ ತಪ್ಯಾನ, ಯವ್ವಾ. ಬ್ಯಾರೆ ಸೀರಿ ಸೆರಗು ತಂದು ಇದಕ್ಕ ಹಚ್ಯಾನ. ಅದನ್ನ ಮುಚ್ಚಿಡು. ನಮ್ಮದು ಹೇಳು.”